ಚೆನ್ನೈನ ಸಾವಿನ ಪುಸ್ತಕಗಳು

2020ರ ಏಪ್ರಿಲ್ ಕೊನೆ. ತಿರುವಲ್ಲಿಕ್ಕೇಣಿಯ ಬಾಡಿಗೆ ಮನೆಯಲ್ಲಿ ಕೂತು ಕೋವಿಡ್ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ಅದರಲ್ಲಿ ಎರಡು ಕೋಷ್ಟಕಗಳಿದ್ದವು. ಒಂದರಲ್ಲಿ ಭಾರತದ ಎದುರು 3.2 ಅಂತಿತ್ತು, ಇನ್ನೊಂದರಲ್ಲಿ 0.8. ಎರಡೂ ಕೋಷ್ಟಕಗಳಿಗೆ ನಾನು ಕೊಟ್ಟ ಶೀರ್ಷಿಕೆ ಒಂದೇ: ‘ದೇಶವಾರು ಮರಣ ಪ್ರಮಾಣ’. ಕೆಲಸ ಮುಗಿಸಿ ಕಳಿಸಿದ ಮರುದಿನ ಸಂಪಾದಕರ ಫೋನು ಬಂತು. ಒಂದೇ ದೇಶಕ್ಕೆ, ಒಂದೇ ದಿನಕ್ಕೆ, ಎರಡು ಮರಣ ಪ್ರಮಾಣ ಹೇಗೆ ಸಾಧ್ಯ ಅಂತ.

ತಪ್ಪು ನನ್ನದೇ. ಮೊದಲನೆಯದು ಕೇಸ್ ಫೇಟಾಲಿಟಿ ರೇಟ್: ಸೋಂಕು ಪತ್ತೆಯಾದ ನೂರು ಜನರಲ್ಲಿ ಎಷ್ಟು ಮಂದಿ ಸತ್ತರು. ಎರಡನೆಯದು ಮಾರ್ಟಾಲಿಟಿ ರೇಟ್: ದೇಶದ ಹತ್ತು ಲಕ್ಷ ಜನರಲ್ಲಿ ಎಷ್ಟು ಮಂದಿ ಸತ್ತರು. ಆ ಹೊತ್ತಿಗೆ ಭಾರತದಲ್ಲಿ ಪತ್ತೆಯಾದ ಸೋಂಕಿತರು 33 ಸಾವಿರ ಚಿಲ್ಲರೆ, ಸತ್ತವರು ಸಾವಿರ ಚಿಲ್ಲರೆ. ಮೇಲಿನ ಅಂಶ ಎರಡು ಲೆಕ್ಕಕ್ಕೂ ಒಂದೇ, ಕೆಳಗಿನ ಛೇದ ಮಾತ್ರ ಬೇರೆ. ನಮ್ಮ ಪತ್ರಿಕೆಗಳು ಎರಡಕ್ಕೂ ‘ಮರಣ ಪ್ರಮಾಣ’ ಎಂದೇ ಬರೆಯುತ್ತಿದ್ದವು. ನಾನೂ ಆ ರೂಢಿಗೇ ಬಿದ್ದೆ. ಆಮೇಲಿಂದ ಒಂದಕ್ಕೆ ‘ಮಾರಕತೆ’, ಇನ್ನೊಂದಕ್ಕೆ ‘ಸಾವಿನ ದರ’ ಎಂದು ಬರೆಯುತ್ತಿದ್ದೇನೆ. ಈ ಲೇಖನದಲ್ಲೂ ಹಾಗೇ.

ಛೇದದ ತಪ್ಪು ತಿದ್ದಿದ್ದಾಯ್ತು. ಅಂಶ ಮಾತ್ರ ಗಟ್ಟಿ ಅಂತ ಮೂರು ತಿಂಗಳು ನಂಬಿಕೊಂಡೇ ಇದ್ದೆ. ಎಷ್ಟು ಮಂದಿಗೆ ಸೋಂಕು ತಗುಲಿತು ಅನ್ನುವುದು ಅಂದಾಜಿನ ಮಾತಾಗಬಹುದು, ಆದರೆ ಸತ್ತವರು ಸತ್ತವರೇ ತಾನೆ, ಹೆಣ ಎಣಿಸುವುದರಲ್ಲಿ ಏನು ಗೊಂದಲ?

2020ರ ಜುಲೈ 22ರ ಸಂಜೆ ತಮಿಳುನಾಡಿನ ಆರೋಗ್ಯ ಇಲಾಖೆಯ ಬುಲೆಟಿನ್ ಬಂತು. ಅವತ್ತಿನ ಸಾವು 74. ಅದರ ಜೊತೆಗೆ ಚೆನ್ನೈನ ಇನ್ನೂ 444 ಸಾವುಗಳು. ಇವು ಅವತ್ತು ಆದವಲ್ಲ. ಮಾರ್ಚ್‌ನಿಂದ ಜೂನ್ ಮೊದಲ ಭಾಗದವರೆಗೆ ಆಗಿ, ಪಟ್ಟಿಗೆ ಸೇರದೆ ಉಳಿದವು. ರಾಜ್ಯದ ಒಟ್ಟು ಲೆಕ್ಕ ಒಂದೇ ಸಂಜೆಗೆ 3,144ಕ್ಕೆ ಏರಿತು.

ಆ 444 ಮಂದಿಯ ಸಾವನ್ನು ಯಾರೂ ಗುಟ್ಟಾಗಿ ಇಟ್ಟಿರಲಿಲ್ಲ ಅನ್ನುವುದೇ ಇಲ್ಲಿನ ಸ್ವಾರಸ್ಯ. ಅವು ಬರೆಯಲ್ಪಟ್ಟಿದ್ದವು, ಆದರೆ ಇನ್ನೊಂದು ಪುಸ್ತಕದಲ್ಲಿ. ಊರಿನಲ್ಲಿ ಯಾರೇ ಸತ್ತರೂ, ಯಾವ ಕಾರಣಕ್ಕೆ ಸತ್ತರೂ, ಅದು ಚೆನ್ನೈ ಕಾರ್ಪೊರೇಷನ್ನಿನ ಜನನ-ಮರಣ ನೋಂದಣಿಗೆ ಹೋಗುತ್ತದೆ. ಕೋವಿಡ್ ಸಾವಿನ ಪಟ್ಟಿ ಮಾಡುತ್ತಿದ್ದುದು ರಾಜ್ಯದ ಸಾರ್ವಜನಿಕ ಆರೋಗ್ಯ ನಿರ್ದೇಶನಾಲಯ, ಆಸ್ಪತ್ರೆಗಳು ಕಳಿಸಿದ ವರದಿಗಳಿಂದ. ಕಾರ್ಪೊರೇಷನ್ ಪುಸ್ತಕದಲ್ಲಿರುವ ಇನ್ನೂರಕ್ಕೂ ಹೆಚ್ಚು ಕೋವಿಡ್ ಸಾವುಗಳು ರಾಜ್ಯದ ಪಟ್ಟಿಯಲ್ಲಿಲ್ಲ ಎಂದು ಜೂನ್‌ನಲ್ಲಿ ಪತ್ರಕರ್ತರು ಬರೆದರು. ಸರ್ಕಾರ ಸಮಿತಿ ಮಾಡಿತು. ಎರಡು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಿಕ್ಕಿದ್ದು 444.

ಆ ಜುಲೈನಲ್ಲೇ ಕಾರ್ಪೊರೇಷನ್ ಊರಿನ 12,405 ಮಂದಿಯ ರಕ್ತ ಪರೀಕ್ಷೆ ಮಾಡಿಸಿತು. ನೂರಕ್ಕೆ 21.5 ಮಂದಿಯಲ್ಲಿ ಪ್ರತಿಕಾಯಗಳು ಸಿಕ್ಕವು. ಸುಮಾರು 70 ಲಕ್ಷ ಜನರ ಊರಿಗೆ ಅದನ್ನು ಹಾಕಿ ನೋಡಿದರೆ ಸೋಂಕು ತಗುಲಿದವರು ಹದಿನೈದು ಲಕ್ಷದ ಆಸುಪಾಸು. ತಿಂಗಳ ಕೊನೆಗೆ ಪರೀಕ್ಷೆಯಲ್ಲಿ ಪತ್ತೆಯಾಗಿದ್ದವರು ಒಂದು ಲಕ್ಷ. ದಾಖಲಾದ ಸಾವು ಎರಡು ಸಾವಿರದ ಮೇಲೆ ಸ್ವಲ್ಪ. ಪತ್ತೆಯಾದವರ ಲೆಕ್ಕದಲ್ಲಿ ಮಾರಕತೆ ನೂರಕ್ಕೆ ಎರಡು. ಸೋಂಕು ತಗುಲಿದವರ ಲೆಕ್ಕದಲ್ಲಿ ಸಾವಿರಕ್ಕೆ ಒಂದೂವರೆಯಷ್ಟು. ಒಂದೇ ಊರು, ಒಂದೇ ತಿಂಗಳು, ಅದೇ ಹೆಣಗಳು, ಹದಿನೈದು ಪಟ್ಟು ವ್ಯತ್ಯಾಸ. ಇಂಥ ಎರಡು ಸಂಖ್ಯೆಗಳಲ್ಲಿ ಒಂದನ್ನು ಚೆನ್ನೈನಿಂದಲೂ ಇನ್ನೊಂದನ್ನು ಮಿಲಾನಿನಿಂದಲೂ ತಂದು ಅಕ್ಕಪಕ್ಕ ಇಟ್ಟು, ನಮ್ಮವರ ರೋಗನಿರೋಧಕ ಶಕ್ತಿ ಎಂಥದ್ದು ನೋಡಿ ಅಂದ ವಾಟ್ಸಾಪ್ ಪ್ರವಚನಗಳು ಆ ವರ್ಷ ಎಷ್ಟು ಬಂದವೋ.

ಲಾಕ್‌ಡೌನ್ ಸಡಿಲವಾದ ಮೇಲೆ ನಾನು ಎಳುಂಬೂರಿನ ತಮಿಳುನಾಡು ದಾಖಲೆಗಳ ಭಂಡಾರಕ್ಕೂ ಪಕ್ಕದ ಕನ್ನಿಮರ ಗ್ರಂಥಾಲಯಕ್ಕೂ ಹೋಗತೊಡಗಿದೆ. ಈ ಊರಿನಲ್ಲಿ ಸಾವಿನ ಪುಸ್ತಕ ಯಾವತ್ತಿನಿಂದ, ಹೇಗೆ ಬರೆಯುತ್ತಿದ್ದಾರೆ ಅನ್ನುವ ಕುತೂಹಲ ಅಷ್ಟೇ. ಅಲ್ಲಿ ತಿಳಿದದ್ದರಲ್ಲಿ ಮುಖ್ಯವಾದದ್ದು: ದೇಶದೇಶಗಳ ಸಾವಿನ ದರ ಹೋಲಿಸುವ ಚಟ ನಮ್ಮ ಕಾಲದ್ದಲ್ಲ. ಭಾರತದಲ್ಲಿ ಸಾವು ಎಣಿಸುವ ವ್ಯವಸ್ಥೆ ಗಟ್ಟಿಯಾದದ್ದೇ ಅಂಥದೊಂದು ಹೋಲಿಕೆಯ ಬೆನ್ನಿಗೆ.

1863ರಲ್ಲಿ ಬ್ರಿಟನ್ನಿನ ಒಂದು ರಾಯಲ್ ಕಮಿಷನ್ ಭಾರತದಲ್ಲಿದ್ದ ತನ್ನ ಸೈನ್ಯದ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಅದರ ಹಿಂದಿನ ಶಕ್ತಿ ಫ್ಲಾರೆನ್ಸ್ ನೈಟಿಂಗೇಲ್. ಆಕೆ ಭಾರತಕ್ಕೆ ಕಾಲಿಟ್ಟವರೇ ಅಲ್ಲ; ದಂಡಿನ ಠಾಣೆಗಳಿಗೆಲ್ಲ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಲಂಡನ್ನಿನಲ್ಲಿ ಕೂತು ಓದಿದರು. ಭಾರತದಲ್ಲಿ ವರ್ಷಕ್ಕೆ ಸಾವಿರ ಬ್ರಿಟಿಷ್ ಸಿಪಾಯಿಗಳಲ್ಲಿ 69 ಮಂದಿ ಸಾಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅದೇ ವಯಸ್ಸಿನ ನಾಗರಿಕ ಗಂಡಸರಲ್ಲಿ ಸಾಯುತ್ತಿದ್ದವರು ಹತ್ತಕ್ಕಿಂತ ಕಡಿಮೆ. ಕೊಲ್ಲುತ್ತಿದ್ದುದು ಯುದ್ಧವಲ್ಲ, ಜ್ವರ, ಆಮಶಂಕೆ, ಕಾಲರಾ. ಮರುವರ್ಷ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಸ್ಯಾನಿಟರಿ ಕಮಿಷನ್‌ಗಳು ಶುರುವಾದವು.

ಆ ಹೋಲಿಕೆ ಇವತ್ತಿಗೂ ನಿಲ್ಲುವಂಥದ್ದು. ವಯಸ್ಸಿಗೆ ವಯಸ್ಸು ಹೊಂದಿಸಿತ್ತು. ಸಿಪಾಯಿಯ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಎಷ್ಟು ಮಂದಿ ಇದ್ದರು, ಎಷ್ಟು ಮಂದಿ ಸತ್ತರು, ಎರಡೂ ಗೊತ್ತು. ದಂಡಿನ ಗೋಡೆಯಾಚೆ ಇದ್ದವರಿಗೆ ಇವೆರಡೂ ಇರಲಿಲ್ಲ. ಒಟ್ಟು ಜನ ಎಷ್ಟು ಅಂತ ತಿಳಿಯಲು 1871-72ರ ಮೊದಲ ಜನಗಣತಿಯವರೆಗೆ ಕಾಯಬೇಕಾಯಿತು. ಸತ್ತವರು ಎಷ್ಟು ಅಂತ ತಿಳಿಯಲು ಹಳ್ಳಿಯಲ್ಲಿ ಒಬ್ಬ ಬರೆಯುವವ ಬೇಕಿತ್ತು.

ಮದರಾಸು ಪ್ರಾಂತದಲ್ಲಿ ಆ ಕೆಲಸ ಗ್ರಾಮಾಧಿಕಾರಿಯ ಹೆಗಲಿಗೆ ಬಿತ್ತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದರಾಸಿಗೇ ಸೇರಿದ್ದವು. ಹಾಗಾಗಿ ಮಂಗಳೂರಿನ, ಕಾಸರಗೋಡಿನ, ಹೊಸಪೇಟೆಯ ಸಾವುಗಳೂ ಕೊನೆಗೆ ಬಂದು ಕೂಡುತ್ತಿದ್ದುದು ಇಲ್ಲಿಯ ವಾರ್ಷಿಕ ವರದಿಯಲ್ಲೇ. ಸಾವಿನ ಕಾರಣಕ್ಕೆ ಇದ್ದ ಅಂಕಣಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಭೇದಿ ಮತ್ತು ಆಮಶಂಕೆ, ಉಸಿರಾಟದ ಕಾಯಿಲೆ, ಗಾಯ, ಉಳಿದದ್ದು. ಆಮೇಲೆ ಪ್ಲೇಗ್ ಬಂದು ಸೇರಿತು. ವಾಂತಿಭೇದಿ ಯಾರಿಗೂ ಗುರುತು ಸಿಗುತ್ತದೆ. ಸಿಡುಬನ್ನು ಮುಖವೇ ಹೇಳುತ್ತದೆ. ಮಿಕ್ಕವರೆಲ್ಲ ‘ಜ್ವರ’. ಮಲೇರಿಯಾ, ಟೈಫಾಯ್ಡ್, ಕ್ಷಯ, ಬಾಣಂತಿ ನಂಜು ಎಲ್ಲವೂ ಅದರಲ್ಲೇ. ಸಾಯುವ ಮುಂಚೆ ಮೈ ಬಿಸಿಯಾಗಿತ್ತೇ ಅಂತ ಕೇಳಿದರೆ ಯಾರ ಮನೆಯಲ್ಲಿ ಇಲ್ಲ ಅಂದಾರು? ಬರೆಯುವವನನ್ನು ಆಡಿಕೊಳ್ಳುವುದು ಸುಲಭ. ಅವನಿಗೆ ಆ ಕೆಲಸಕ್ಕೆ ಡಾಕ್ಟರಿಕೆ ಕಲಿಸಿದವರು ಯಾರೂ ಇರಲಿಲ್ಲ.

ಇದೇ ಹೊತ್ತಿಗೆ, 1893ರಲ್ಲಿ, ಷಿಕಾಗೋದ ಒಂದು ಸಭೆಯಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಬರ್ಟಿಯೋ ಎಲ್ಲ ದೇಶಗಳಿಗೂ ಆಗುವಂಥ ಸಾವಿನ ಕಾರಣಗಳ ಒಂದು ಪಟ್ಟಿ ಮುಂದಿಟ್ಟ. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡಿರುವ ರೋಗಸಂಕೇತಗಳ ಪಟ್ಟಿಯ ಮೂಲಪುರುಷ ಅದು. ಪಟ್ಟಿ ಒಂದೇ ಆದರೆ ಹೋಲಿಕೆ ಸರಿಯಾಗುತ್ತದೆ ಅನ್ನುವುದು ಆಶಯ. ಭಾಷಾಶಾಸ್ತ್ರ ಓದಿದ ನನಗೆ ಇದು ಪರಿಚಿತ ಆಸೆ. ಜಗತ್ತಿನ ಎಲ್ಲ ಭಾಷೆಗಳಿಗೂ ಒಂದೇ ಲಿಪಿ ಮಾಡುತ್ತೇವೆ ಅಂತ ಹೊರಟವರು ಅದೇ ಕಾಲದವರು. ಲಿಪಿ ಆಯಿತು, ಕೇಳಿಸಿಕೊಳ್ಳುವ ಕಿವಿ ಊರೂರಿಗೂ ಬೇರೆಯಾಗೇ ಉಳಿಯಿತು.

1918ರಲ್ಲಿ ಈ ವ್ಯವಸ್ಥೆಗೆ ಇನ್‌ಫ್ಲೂಯೆಂಜ ಬಂದು ಬಡಿಯಿತು. ಜೂನ್‌ನಲ್ಲಿ ಬೊಂಬಾಯಿಗೆ ಬಂದದ್ದು ಸೆಪ್ಟೆಂಬರ್ ಹೊತ್ತಿಗೆ ಎರಡನೇ ಅಲೆಯಾಗಿ ದೇಶ ತುಂಬಿತು. ಹಳ್ಳಿಯ ಪುಸ್ತಕದಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಸತ್ತವರು ‘ಜ್ವರ’ಕ್ಕೋ ‘ಉಸಿರಾಟ’ಕ್ಕೋ ಹೋದರು. ಬರೆಯುವವರೂ ಸತ್ತರು, ಹಲವು ಕಡೆ ಪುಸ್ತಕ ಬರೆಯದೆ ಬಿದ್ದಿತು. ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ 1919ರಲ್ಲಿ ಮಾಡಿದ್ದು ಒಂದು ಕಳೆಯುವ ಲೆಕ್ಕ. ಆ ತಿಂಗಳುಗಳಲ್ಲಿ ದಾಖಲಾದ ಒಟ್ಟು ಸಾವಿನಿಂದ ಹಿಂದಿನ ವರ್ಷಗಳ ಅದೇ ತಿಂಗಳುಗಳ ಸರಾಸರಿಯನ್ನು ತೆಗೆದರೆ ಉಳಿದದ್ದು ಇನ್‌ಫ್ಲೂಯೆಂಜದ ಪಾಲು. ಬ್ರಿಟಿಷ್ ಭಾರತಕ್ಕೆ 50 ಲಕ್ಷ, ಸಂಸ್ಥಾನಗಳಿಗೆ 10 ಲಕ್ಷ, ಒಟ್ಟು 60 ಲಕ್ಷಕ್ಕೆ ಕಡಿಮೆಯಿಲ್ಲ ಅಂದ.

ಆದರೆ ಕಳೆಯುವ ಲೆಕ್ಕಕ್ಕೂ ಮೂಲ ಪುಸ್ತಕ ಬೇಕಲ್ಲ. 1921ರ ಜನಗಣತಿ ಬಂದಾಗ ಇರಬೇಕಾದ ಜನ ಇರಲಿಲ್ಲ. 1951ರಲ್ಲಿ ಕಿಂಗ್ಸ್‌ಲಿ ಡೇವಿಸ್ ಜನಗಣತಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿ ವೈಟ್ ಹೇಳಿದ್ದರ ಸುಮಾರು ಮೂರು ಪಟ್ಟು ಅಂದ. 1986ರಲ್ಲಿ ಮಿಲ್ಸ್ ಎಂಬ ಇತಿಹಾಸಕಾರ ಕೊಟ್ಟ ಅಂದಾಜು 1.7ರಿಂದ 1.8 ಕೋಟಿ. 2012ರ ಇನ್ನೊಂದು ಅಧ್ಯಯನ ಬ್ರಿಟಿಷ್ ಪ್ರಾಂತಗಳಿಗೆ ಸುಮಾರು 1.4 ಕೋಟಿ ಅಂದಿತು. ಆಗಿನ ಭಾರತದ ಜನಸಂಖ್ಯೆ 31 ಕೋಟಿಯ ಮೇಲೆ. ಅಂದರೆ ಸಾವಿನ ದರ ಸಾವಿರಕ್ಕೆ 19 ಆಗಿರಬಹುದು, 57 ಆಗಿರಬಹುದು. ಅಮೆರಿಕದಲ್ಲಿ ಸತ್ತವರು 6 ಲಕ್ಷ 75 ಸಾವಿರ ಅಂತಾರೆ, ಸಾವಿರಕ್ಕೆ ಆರೂವರೆ. ಅದೂ ಎಣಿಸಿದ್ದಲ್ಲ. 1918ರಲ್ಲಿ ಅಲ್ಲಿಯ ಸಾವಿನ ನೋಂದಣಿ ವಲಯಕ್ಕೆ ಎಲ್ಲ ರಾಜ್ಯಗಳೂ ಸೇರಿರಲಿಲ್ಲ; ಕೊನೆಯದಾಗಿ ಟೆಕ್ಸಸ್ ಸೇರಿದ್ದು 1933ರಲ್ಲಿ.

ಭಾರತದ ಒಳಗೂ ವ್ಯತ್ಯಾಸ ದೊಡ್ಡದು. ಬೊಂಬಾಯಿ ಪ್ರಾಂತ, ಮಧ್ಯಪ್ರಾಂತಗಳಲ್ಲಿ ಮದರಾಸಿಗಿಂತ ಬಹಳ ಹೆಚ್ಚು ಸಾವು. ಅದರಲ್ಲಿ ನಿಜದ ಪಾಲು ಇದ್ದೇ ಇದೆ: ಆ ವರ್ಷ ಮಳೆ ಕೈಕೊಟ್ಟು ಪಶ್ಚಿಮದಲ್ಲಿ ಬರ ಬಿದ್ದಿತ್ತು, ಹಸಿದ ಮೈಗೆ ಜ್ವರ ಬಂದಿತ್ತು. ಪುಸ್ತಕ ಬರೆಯುವ ಶಿಸ್ತಿನ ಪಾಲು ಎಷ್ಟು, ರೋಗದ ಪಾಲು ಎಷ್ಟು ಅಂತ ಬಿಡಿಸುವ ಕೆಲಸವನ್ನು ವಿದ್ವಾಂಸರು ನೂರು ವರ್ಷವಾದರೂ ಮುಗಿಸಿಲ್ಲ.

ಸ್ವಾತಂತ್ರ್ಯದ ನಂತರ, 1969ರಲ್ಲಿ, ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂತು. ಚೆನ್ನೈನಲ್ಲಿ ಹೆಚ್ಚುಕಡಿಮೆ ಎಲ್ಲ ಸಾವೂ ಪುಸ್ತಕಕ್ಕೆ ಬರತೊಡಗಿದವು. ನೋಂದಣಿ ಚೀಟಿ ಇಲ್ಲದೆ ಸುಡುಗಾಡಿನಲ್ಲಿ ಕೆಲಸ ನಡೆಯುವುದಿಲ್ಲ, ಪ್ರಮಾಣಪತ್ರ ಇಲ್ಲದೆ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಆದರೆ ಕಾರಣದ ಅಂಕಣ ಹಳೆಯ ಕಥೆಯೇ. ಇಲ್ಲಿ ನಾನು ಬಹಳ ಮೆಚ್ಚುವ ಒಂದು ಕೆಲಸದ ಬಗ್ಗೆ ಹೇಳಬೇಕು. ಚೆನ್ನೈನ ವೇಂದನ್ ಗಜಲಕ್ಷ್ಮಿ ಎಂಬ ಸಂಶೋಧಕಿ ಆಕ್ಸ್‌ಫರ್ಡಿನ ರಿಚರ್ಡ್ ಪೀಟೋ ಜೊತೆ ಸೇರಿ, 1995ರಿಂದ 97ರವರೆಗೆ ಈ ಊರಿನಲ್ಲಿ ಸತ್ತ 48,000 ವಯಸ್ಕರ ಕಾರಣಗಳನ್ನು ಮತ್ತೆ ಹುಡುಕಿಸಿದರು. ತರಬೇತಿ ಪಡೆದವರು ಮನೆಮನೆಗೆ ಹೋಗಿ ಹೆಂಡತಿಯನ್ನೋ ಮಗನನ್ನೋ ಕೇಳಿದರು: ಕೆಮ್ಮು ಎಷ್ಟು ದಿನ ಇತ್ತು, ಎದೆ ನೋವು ಎಲ್ಲಿ ಶುರುವಾಯಿತು, ಮೈ ಇಳಿದಿತ್ತೇ. ಬರೆದುಕೊಂಡು ಬಂದದ್ದನ್ನು ವೈದ್ಯರು ಓದಿ ಕಾರಣ ಗೊತ್ತುಮಾಡಿದರು. ಇದನ್ನು ‘ವರ್ಬಲ್ ಆಟಾಪ್ಸಿ’ ಅನ್ನುತ್ತಾರೆ. ನಾನು ಒಮ್ಮೆ ‘ಮಾತಿನ ಮರಣೋತ್ತರ ಪರೀಕ್ಷೆ’ ಎಂದು ಅನುವಾದಿಸಿ ನಗೆಗೆ ಈಡಾಗಿದ್ದೇನೆ, ಆದರೂ ಅದಕ್ಕಿಂತ ಒಳ್ಳೆಯದು ಹೊಳೆದಿಲ್ಲ. 25ರಿಂದ 69 ವಯಸ್ಸಿನವರ ಸಾವುಗಳಲ್ಲಿ ಪುಸ್ತಕದ ಪ್ರಕಾರ ಕಾರಣ ಸ್ಪಷ್ಟವಿಲ್ಲದವು ನೂರಕ್ಕೆ 54 ಇದ್ದದ್ದು 23ಕ್ಕೆ ಇಳಿಯಿತು. ಈ ಬಗೆಯ ಕೆಲಸದಿಂದಲೇ 2003ರಲ್ಲಿ, ಭಾರತದಲ್ಲಿ ಕ್ಷಯದಿಂದ ಸಾಯುವ ಗಂಡಸರಲ್ಲಿ ಅರ್ಧದಷ್ಟು ಸಾವಿಗೆ ಬೀಡಿ ಸಿಗರೇಟಿನ ಪಾಲಿದೆ ಅನ್ನುವುದು ಹೊರಬಿದ್ದದ್ದು. ಶ್ವಾಸಕೋಶದ ಕ್ಯಾನ್ಸರಿನ ಲೆಕ್ಕದಲ್ಲೇ ಮುಳುಗಿದ್ದ ಪಶ್ಚಿಮದ ಅಂಕಿಗಳಲ್ಲಿ ಇದು ಕಾಣುತ್ತಲೇ ಇರಲಿಲ್ಲ.

2020ಕ್ಕೆ ವಾಪಸು ಬರೋಣ. ಪುಸ್ತಕಗಳ ಗೋಜಲು ಚೆನ್ನೈಗೆ ಮಾತ್ರ ಅಂಟಿದ್ದಲ್ಲ. ನನ್ನ ಆ ಎರಡನೇ ಕೋಷ್ಟಕದ ತುದಿಯಲ್ಲಿ ಬೆಲ್ಜಿಯಂ ಇತ್ತು, ಹತ್ತು ಲಕ್ಷಕ್ಕೆ ಆರುನೂರರ ಮೇಲೆ. ಜಗತ್ತೆಲ್ಲ ಬೆಲ್ಜಿಯಮ್ಮಿಗೆ ಏನಾಯಿತು ಅಂತ ಕೇಳಿತು. ಆಗಿದ್ದಿಷ್ಟು: ವೃದ್ಧಾಶ್ರಮದಲ್ಲಿ ಪರೀಕ್ಷೆ ಇಲ್ಲದೆ ಸತ್ತರೂ, ಲಕ್ಷಣ ಕೋವಿಡ್‌ನಂತೆ ಕಂಡರೆ ಅವರು ಎಣಿಸಿದರು, ಅಕ್ಕಪಕ್ಕದವರಲ್ಲಿ ಹಲವರು ಎಣಿಸಲಿಲ್ಲ. ವುಹಾನ್ ಏಪ್ರಿಲ್‌ನಲ್ಲಿ ಒಂದೇ ದಿನ 1,290 ಸಾವು ಸೇರಿಸಿತು. ಬ್ರಿಟನ್ ಆಗಸ್ಟ್‌ನಲ್ಲಿ ಪರೀಕ್ಷೆಯಾದ 28 ದಿನದೊಳಗೆ ಸತ್ತರೆ ಮಾತ್ರ ಲೆಕ್ಕ ಅಂದಾಗ ಐದು ಸಾವಿರಕ್ಕೂ ಹೆಚ್ಚು ಸಾವು ಒಂದೇ ಮಧ್ಯಾಹ್ನ ಕಡಿಮೆಯಾಯಿತು. ಪೆರು 2021ರ ಮೇ 31ರಂದು ತನ್ನ ಲೆಕ್ಕವನ್ನು 69 ಸಾವಿರದಿಂದ 1 ಲಕ್ಷ 80 ಸಾವಿರಕ್ಕೆ ತಿದ್ದಿ, ಜನಸಂಖ್ಯೆಯ ಲೆಕ್ಕದಲ್ಲಿ ಜಗತ್ತಿಗೇ ಮೊದಲನೆಯದಾಯಿತು. ಹಿಂದಿನ ದಿನಕ್ಕಿಂತ ಅವತ್ತು ಪೆರುವಿನಲ್ಲಿ ಹೆಚ್ಚು ಜನ ಸಾಯಲಿಲ್ಲ. ಒಂದು ದೇಶ ಪ್ರಾಮಾಣಿಕವಾಗಿ ಎಣಿಸಿತು, ಕೋಷ್ಟಕದಲ್ಲಿ ಅತಿ ಕೆಟ್ಟ ದೇಶ ಅನ್ನಿಸಿಕೊಂಡಿತು.

ಕಾರಣದ ಅಂಕಣವನ್ನೇ ನಂಬಲಾಗದಿದ್ದರೆ ಮಾಡುವುದೇನು? ನಾರ್ಮನ್ ವೈಟ್ ಮಾಡಿದ್ದನ್ನೇ. ಒಟ್ಟು ಸಾವಿನಿಂದ ಎಂದಿನ ಸಾವು ಕಳೆ. ಇದಕ್ಕೆ ಬೇಕಾದದ್ದು ಎಲ್ಲ ಸಾವೂ ಬರೆದಿರುವ ಪುಸ್ತಕ ಮಾತ್ರ, ಅದು ಚೆನ್ನೈನಲ್ಲಿತ್ತು. ಜೋಸೆಫ್ ಲೆನಾರ್ಡ್, ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು ಆ ನೋಂದಣಿಗಳನ್ನು ಹಿಡಿದು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2020ರ ಮಾರ್ಚ್ 1ರಿಂದ 2021ರ ಜೂನ್ 30ರವರೆಗೆ ಚೆನ್ನೈನಲ್ಲಿ ದಾಖಲಾದ ಸಾವು 87,870. ಎಂದಿನಂತಿದ್ದರೆ ಆಗಬಹುದಾಗಿದ್ದಕ್ಕಿಂತ 25,990 ಹೆಚ್ಚು. ಸಾವಿರಕ್ಕೆ ಐದು ಮಂದಿಯ ಮೇಲೆ. ಬುಲೆಟಿನ್‌ನಲ್ಲಿ ಅಲ್ಲಿಯವರೆಗೆ ಚೆನ್ನೈನ ಕೋವಿಡ್ ಸಾವು ಎಂಟು ಸಾವಿರದ ಆಸುಪಾಸು ಇತ್ತು.

ಅದೇ ಹೊತ್ತಿಗೆ ಇಟಲಿಯ ಅಧಿಕೃತ ಲೆಕ್ಕ ಸಾವಿರಕ್ಕೆ ಎರಡರ ಮೇಲೆ ಸ್ವಲ್ಪ, ಕೋವಿಡ್‌ನ ಮೊದಲ ಹೊಡೆತ ತಿಂದ ಲೊಂಬಾರ್ಡಿಯದ್ದು ಮೂರೂವರೆಗೆ ಸ್ವಲ್ಪ ಕಡಿಮೆ. ಇವನ್ನು ಐದರ ಪಕ್ಕ ಇಡುವುದು ನಾನು ಇಷ್ಟು ಹೊತ್ತು ಬೈದ ತಪ್ಪನ್ನೇ ಮಾಡಿದಂತೆ. ಒಂದು ಹೆಚ್ಚುವರಿ ಸಾವು, ಇನ್ನೊಂದು ಪರೀಕ್ಷೆಯಾದ ಸಾವು. ಆದರೂ ಇಡುತ್ತೇನೆ. ಯಾಕೆಂದರೆ ಇಟಲಿಯವರ ನಡುವಯಸ್ಸು 45 ದಾಟಿದೆ, ನಮ್ಮದು 28ರ ಸುತ್ತ. ಮುದುಕರನ್ನೇ ಹೆಚ್ಚಾಗಿ ಕೊಲ್ಲುವ ರೋಗ ಇದು. ಎಳೆಯರ ಊರಿನಲ್ಲಿ ದರ ಅರ್ಧವೋ ಕಾಲೋ ಇರಬೇಕಿತ್ತು. ಚೆನ್ನೈ ಪಾರಾಯಿತು ಅಂತ 2020ರ ಕೋಷ್ಟಕಗಳು ಹೇಳಿದ್ದನ್ನು ನಾನೇ ಕನ್ನಡಕ್ಕೆ ಮಾಡಿಕೊಟ್ಟಿದ್ದೆ.

2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2020-21ರಲ್ಲಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಆಗಿದೆ ಅಂದಿತು. ಸರ್ಕಾರದ ಲೆಕ್ಕ 4 ಲಕ್ಷ 81 ಸಾವಿರ. ಸರ್ಕಾರ ಬಲವಾಗಿ ಆಕ್ಷೇಪಿಸಿತು: ಇದು ಗಣಿತದ ಮಾದರಿ, ಎಣಿಕೆಯಲ್ಲ. ಆಕ್ಷೇಪದಲ್ಲಿ ಒಂದು ಹಿಡಿ ನ್ಯಾಯವಿದೆ. ಆ ಅಂದಾಜಿಗೆ ಸಿಕ್ಕಿದ್ದು 17 ರಾಜ್ಯಗಳ ಪುಸ್ತಕ ಮಾತ್ರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರು ಸಾವಿಗೆ 71ರಷ್ಟು ನೋಂದಣಿಯಾದರೆ ಬಿಹಾರದಲ್ಲಿ ನಲವತ್ತೂ ಆಗುವುದಿಲ್ಲ. ಬರೆಯದವರ ಸಾವನ್ನು ಬರೆದಿಟ್ಟವರ ಸಾವಿನಿಂದ ಊಹಿಸಬೇಕಾಯಿತು. ಆದರೆ ಆ ಊಹೆಗೆ ಉತ್ತರ ಕೊಡಬಲ್ಲ ಪುಸ್ತಕ ಸರ್ಕಾರದ ಕೈಯಲ್ಲೇ ಇತ್ತಲ್ಲ. 2021ರ ದೇಶದ ನೋಂದಣಿ ವರದಿ ಹೊರಬಂದದ್ದು 2025ರ ಮೇನಲ್ಲಿ. ದಾಖಲಾದ ಸಾವು 1 ಕೋಟಿ 2 ಲಕ್ಷ. ಹಿಂದಿನ ವರ್ಷ 81 ಲಕ್ಷ ಇತ್ತು. ಹೆಚ್ಚಿದ 21 ಲಕ್ಷವೂ ಕೋವಿಡ್ ಅಲ್ಲ, ನೋಂದಣಿ ಸುಧಾರಿಸಿದ್ದೂ ಅದರಲ್ಲಿ ಸೇರಿದೆ. ಎಷ್ಟು ಸೇರಿದೆ ಅನ್ನುವ ಜಗಳ ಇನ್ನು ಕೆಲವು ದಶಕ ನಡೆಯಬಹುದು, 1918ರದ್ದು ನಡೆದಂತೆ.

ನಮ್ಮ ವಠಾರದ ಕೆಳಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಮೂರು ತಲೆಮಾರಿನಿಂದ ತಿರುವಲ್ಲಿಕ್ಕೇಣಿಯಲ್ಲಿದ್ದರೂ ಮನೆಯೊಳಗೆ ಕನ್ನಡ ಬಿಡದ ಮಾಧ್ವರು. ನಾನು ಬಾಡಿಗೆಗೆ ಬಂದ ದಿನ, ಬೀದಿಯಲ್ಲಿ ಕನ್ನಡ ಮಾತಾಡಲು ಒಬ್ಬರು ಸಿಕ್ಕರು ಅಂತ ಹುರಿಗಾಳು ಕೊಟ್ಟಿದ್ದರು. 2021ರ ಮೇನಲ್ಲಿ ನಾಲ್ಕು ದಿನ ಜ್ವರ ಬಂತು. ಊರಿನಲ್ಲಿ ಆಕ್ಸಿಜನ್ ಹಾಸಿಗೆಗೆ ಪರದಾಟ ನಡೆದಿದ್ದ ವಾರ ಅದು. ಮನೆಯಲ್ಲೇ ಹೋದರು. ಪರೀಕ್ಷೆ ಆಗಿರಲಿಲ್ಲ.

ಆ ಅಕ್ಟೋಬರ್‌ನಲ್ಲಿ, ಕೋವಿಡ್‌ನಿಂದ ಸತ್ತವರ ಮನೆಗೆ 50 ಸಾವಿರ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಒಪ್ಪಿಗೆಯ ಆದೇಶ ಬಂದಾಗ, ಅವರ ಮಗ ಸಾವಿನ ಪ್ರಮಾಣಪತ್ರ ಹಿಡಿದು ನನ್ನ ಬಳಿ ಬಂದರು. ಚೆನ್ನೈನಲ್ಲಿ ಅದನ್ನು ಕಾರ್ಪೊರೇಷನ್ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಹೆಸರಿತ್ತು, ತಂದೆಯ ಹೆಸರಿತ್ತು, ದಿನಾಂಕವಿತ್ತು, ಮನೆಯ ವಿಳಾಸವಿತ್ತು. ಕಾರಣ ಎಲ್ಲಿದೆ ಅಂತ ಕೇಳಿದರು. ಇರುವುದಿಲ್ಲ. ಪುಸ್ತಕದಲ್ಲಿ ಬರೆದಿರುವ ಕಾರಣವನ್ನು ಪ್ರಮಾಣಪತ್ರದಲ್ಲಿ ತೋರಿಸಬಾರದು ಅಂತ 1969ರ ಕಾಯ್ದೆಯ 17ನೇ ಕಲಮೇ ಹೇಳುತ್ತದೆ. ಪುಸ್ತಕದಲ್ಲಿ ಏನು ಬರೆದಿರಬಹುದು ಅಂದರು. ಮನೆಯಲ್ಲಿ ಸತ್ತ ಎಪ್ಪತ್ತೆಂಟರ ಹೆಂಗಸಿಗೆ ಏನು ಬರೆಯುತ್ತಾರೋ ಅದು, ಅಂದೆ.

ಅವರು ಅರ್ಜಿ ಹಾಕಲಿಲ್ಲ. ಅಜ್ಜಿ ಆ ಎಂಟು ಸಾವಿರದಲ್ಲಿ ಇಲ್ಲ, 87,870ರಲ್ಲಿ ಇದ್ದಾರೆ. ಪ್ರಮಾಣಪತ್ರದ ನಾಲ್ಕು ಜೆರಾಕ್ಸ್ ಮಾಡಿಸಿಕೊಂಡು ಹೋದರು, ಗ್ಯಾಸ್ ಕನೆಕ್ಷನ್ ಹೆಸರು ಬದಲಾಯಿಸುವುದಿತ್ತು.